ಅಣ್ಣನ ಜೊತೆ ನನ್ನನ್ನೂ ಕೂರಿಸಿ ಮಾತಾಡಿಸಿದ ಕ್ಲಿನಿಕ್

ಕುಡಿತದ ಚಿಕಿತ್ಸೆ ಅಂದರೆ ತಿಂಗಳುಗಟ್ಟಲೆ ಒಳಗೆ ಇಟ್ಟುಕೊಳ್ಳುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇದು ಹಾಗಲ್ಲ. ಬಂದು, ಮಾತಾಡಿ, ಮನೆಗೆ ಹೋಗುವ ಸಣ್ಣ ಕ್ಲಿನಿಕ್. ಒಬ್ಬರು ಡಾಕ್ಟರು, ಒಬ್ಬರು ಕೌನ್ಸೆಲರ್, ಅಷ್ಟೇ. ಅಣ್ಣನನ್ನು ಕರೆದುಕೊಂಡು ಹೋದವಳು ನಾನು. ಹಾಗಾಗಿ ಈ ವಿಮರ್ಶೆ ಮನೆಯವರ ಕಡೆಯಿಂದ.

ಮೊದಲ ದಿನ 10 ಪ್ರಶ್ನೆಗಳ ಹಾಳೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ತಯಾರು ಮಾಡಿಸಿದ 'ಆಡಿಟ್' ಅನ್ನುವ ಪ್ರಶ್ನಾವಳಿ ಅದು. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರಿಕೆ ಬೇಕು ಅಂತ ಲೆಕ್ಕ. ಅಣ್ಣ 'ರಾತ್ರಿ ಮೂರೇ ಬಿಯರ್' ಅಂತ ಬರೆದ. ಕೌನ್ಸೆಲರ್ ಗದರಲಿಲ್ಲ, ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. 650 ಎಂಎಲ್ ಬಾಟಲಿ, 5 ಪರ್ಸೆಂಟ್ ಅಂದರೆ ಸುಮಾರು 25 ಗ್ರಾಂ ಆಲ್ಕೋಹಾಲ್. ಮೂರಕ್ಕೆ 75 ಗ್ರಾಂ ದಾಟುತ್ತದೆ. ಅಣ್ಣ ಆ ಹಾಳೆಯನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದ.

ಡಾಕ್ಟರು ಮೊದಲು ಕೇಳಿದ್ದು ಬೆಳಿಗ್ಗೆ ಕೈ ನಡುಗುತ್ತದಾ, ಹಿಂದೆ ಫಿಟ್ಸ್ ಬಂದಿತ್ತಾ ಅಂತ. ಇದನ್ನು ಎಲ್ಲರೂ ತಿಳಿದಿರಲೇಬೇಕು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಗೊಂದಲ ಶುರುವಾಗಿ ಜೀವಕ್ಕೇ ಅಪಾಯ ಆಗಬಹುದು. ಅಣ್ಣನಿಗೆ ಕೈ ನಡುಕ ಇತ್ತು. ಅದಕ್ಕೆ ದಿನದಿನಕ್ಕೆ ಕಡಿಮೆ ಮಾಡುತ್ತಾ ಹೋಗುವ ಮಾತ್ರೆ, ಜೊತೆಗೆ ವಿಟಮಿನ್ ಬಿ1 ಕೊಟ್ಟರು. 'ನಾಳೆಯಿಂದಲೇ ಬಿಟ್ಟುಬಿಡು' ಅಂತ ಮನೆಯಲ್ಲಿ ಹಟ ಹಿಡಿಯಬೇಡಿ.

ಕೌನ್ಸೆಲರ್ ಮಾತಾಡುವ ರೀತಿ ನನಗೆ ತುಂಬಾ ಹಿಡಿಸಿತು. 'ಕುಡಿತ ಬಿಡುವುದು ನಿಮಗೆ ಎಷ್ಟು ಮುಖ್ಯ? 10ಕ್ಕೆ ಎಷ್ಟು?' ಅಂತ ಕೇಳಿದರು. ಅಣ್ಣ 5 ಅಂದ. ನಾನಾಗಿದ್ದರೆ 'ಯಾಕೆ 10 ಅಲ್ಲ?' ಅಂತ ಕೇಳುತ್ತಿದ್ದೆ. ಅವರು ಕೇಳಿದ್ದು 'ಯಾಕೆ 2 ಅಲ್ಲ, 5 ಅಂದ್ರಿ?' ಅಂತ. ಆಗ ಅಣ್ಣನೇ ಬಿಡುವುದಕ್ಕೆ ಕಾರಣಗಳನ್ನು ಹೇಳತೊಡಗಿದ. ನಾವು ಬೇಡಿಕೊಂಡರೂ ಬಾರದ ಮಾತುಗಳು. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದ ವಿಧಾನ ಇದು, 'ಮೋಟಿವೇಷನಲ್ ಇಂಟರ್‌ವ್ಯೂಯಿಂಗ್' ಅಂತ ಹೆಸರು. 'ಪ್ರಾಜೆಕ್ಟ್ ಮ್ಯಾಚ್' ಅನ್ನುವ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 1,700ಕ್ಕೂ ಹೆಚ್ಚು ಜನರಿಗೆ ಮೂರು ಬಗೆಯ ಮಾತಿನ ಚಿಕಿತ್ಸೆ ಕೊಟ್ಟಿದ್ದರು. ಇದೇ ಬಗೆಯದಕ್ಕೆ 4 ಭೇಟಿ, ಉಳಿದ ಎರಡಕ್ಕೆ 12. ಕೊನೆಗೆ ಮೂರರ ಫಲವೂ ಹೆಚ್ಚು ಕಡಿಮೆ ಒಂದೇ. ಭೇಟಿ ಕಡಿಮೆ ಅಂತ ನಾನು ಆತಂಕಪಟ್ಟಾಗ ಕೌನ್ಸೆಲರೇ ಇದನ್ನು ಹೇಳಿದರು.

ಆದರೆ ನಾನು ಇಷ್ಟು ಬರೆಯುತ್ತಿರುವುದು ಮನೆಯವರಿಗಾಗಿ ಇಟ್ಟ ಭೇಟಿಗಳಿಗೋಸ್ಕರ. ನನ್ನನ್ನೂ ಅತ್ತಿಗೆಯನ್ನೂ ಬೇರೆಯಾಗಿ ಕೂರಿಸಿ ಹೇಳಿಕೊಟ್ಟದ್ದು ಇದು. ಕುಡಿದು ಬಂದಾಗ ವಾದ ಬೇಡ, ಆಗ ಆಡಿದ ಮಾತು ತಲೆಗೆ ಹೋಗುವುದಿಲ್ಲ. ಕುಡಿಯದ ಸಂಜೆ ಅವನ ಜೊತೆ ಕೂತು ಮಾತಾಡಿ, ಹೊರಗೆ ಹೋಗಿ. ಕುಡಿದು ಕೆಲಸ ತಪ್ಪಿಸಿಕೊಂಡರೆ ನೀವು ಫೋನ್ ಮಾಡಿ ಸುಳ್ಳು ಹೇಳಬೇಡಿ. ಹೊಡೆಯುವ, ಬಡಿಯುವ ಭಯ ಇದ್ದರೆ ಮೊದಲು ನಿಮ್ಮ ಸುರಕ್ಷೆ ನೋಡಿಕೊಳ್ಳಿ. ಇದಕ್ಕೆ 'ಕ್ರಾಫ್ಟ್' ಅಂತ ಹೆಸರು. 1999ರ ಒಂದು ಅಧ್ಯಯನದಲ್ಲಿ ಹೀಗೆ ಕಲಿತ ಮನೆಯವರಲ್ಲಿ 64 ಪರ್ಸೆಂಟ್ ಜನ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದ್ದರು. ಎಲ್ಲರೂ ಸೇರಿ ಎದುರಿಗೆ ನಿಂತು ಒತ್ತಾಯ ಮಾಡುವ ವಿಧಾನದಲ್ಲಿ 30 ಮಾತ್ರ. ವರ್ಷಗಟ್ಟಲೆ ಅತ್ತಿಗೆ ಹೊತ್ತುಕೊಂಡಿದ್ದ ತಪ್ಪಿತಸ್ಥ ಭಾವನೆ ಆ ಕೋಣೆಯಲ್ಲಿ ಸ್ವಲ್ಪ ಇಳಿಯಿತು. ಅವರು ಅಲ್ಲಿ ಅತ್ತರು. ಯಾರೂ ಅವಸರ ಮಾಡಲಿಲ್ಲ.

ನಮ್ಮ ಸಂಬಂಧಿಕರೊಬ್ಬರು 'ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸಿ' ಅಂದಿದ್ದರು. ಡೈಸಲ್ಫಿರಾಮ್ ಅದು. ಅದನ್ನು ತೆಗೆದುಕೊಂಡವರು ಕುಡಿದರೆ ವಾಂತಿ ಬರುತ್ತದೆ, ಎದೆ ಬಡಿತ ಏರುತ್ತದೆ. ಮಾತ್ರೆ ಬೆರೆಸಿದ್ದು ಗೊತ್ತಿಲ್ಲದೆ ಕುಡಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ಡಾಕ್ಟರು ಖಡಾಖಂಡಿತವಾಗಿ ಬೇಡ ಅಂದರು. ಲಿವರ್ ಪರೀಕ್ಷೆ ಮಾಡಿಸಿ, ಅಣ್ಣನನ್ನೇ ಕೇಳಿ, ನಾಲ್ಟ್ರೆಕ್ಸೋನ್ ಬರೆದುಕೊಟ್ಟರು. ಕುಡಿದಾಗ ಸಿಗುವ ಖುಷಿಯನ್ನು ಅದು ಮಂಕು ಮಾಡುತ್ತದೆ, ಎಳೆತ ಕಡಿಮೆಯಾಗುತ್ತದೆ.

ದೂರುಗಳೂ ಇವೆ. ಕಾಯುವ ಜಾಗದಲ್ಲಿ ಹೆಸರು ಕೂಗಿ ಕರೆಯುತ್ತಾರೆ, ಮರ್ಯಾದೆಗೆ ಅಂಜುವವರು ಅಲ್ಲಿಂದಲೇ ವಾಪಸ್ ಹೋಗಬಹುದು. ಇದನ್ನು ಅವರು ಬದಲಾಯಿಸಲೇಬೇಕು. ಮೊದಮೊದಲು ಅವರೇ ಫೋನ್ ಮಾಡಿ ವಿಚಾರಿಸುತ್ತಿದ್ದರು, ಆಮೇಲೆ ನಿಂತೇಹೋಯಿತು. ಅಣ್ಣ ಒಂದು ಮದುವೆಯಲ್ಲಿ ಮತ್ತೆ ಕುಡಿದದ್ದು ಅದೇ ಸಮಯದಲ್ಲಿ. ರಾತ್ರಿ ನಾವು ಮಾಡಿದ ಫೋನ್ ಯಾರೂ ಎತ್ತಲಿಲ್ಲ. ಮುಂದಿನ ಭೇಟಿಯಲ್ಲಿ ಮಾತ್ರ ಕೌನ್ಸೆಲರ್ ಚೆನ್ನಾಗಿ ನಿಭಾಯಿಸಿದರು. ಆ ದಿನ ಯಾರ ಜೊತೆ ಇದ್ದ, ಎಷ್ಟು ಹೊತ್ತಿಗೆ ಮನಸ್ಸಾಯಿತು, ಅಲ್ಲಿಂದ ಎದ್ದು ಬರಬಹುದಾಗಿದ್ದ ಗಳಿಗೆ ಯಾವುದು ಅಂತ ಅಣ್ಣನಿಂದಲೇ ಬರೆಸಿದರು.

ಇಂಥ ಕ್ಲಿನಿಕ್‌ಗೆ ಹೋಗುವವರು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಟ್ರಾಮಡಾಲ್‌ನಂಥ ನೋವಿನ ಮಾತ್ರೆ ಇದ್ದರೆ ಮೊದಲೇ ಹೇಳಿ, ಅದರ ಜೊತೆ ನಾಲ್ಟ್ರೆಕ್ಸೋನ್ ಕೊಡುವ ಹಾಗಿಲ್ಲ.