ಉಡುಗೊರೆಗೆ ಮದ್ದಿನ ಕೊಂಬು: ಒರಟು ಕೊಂಬೋ, ಪಾಲಿಶ್ ಆದದ್ದೋ?

ಹಿಂದೆ ಕೋವಿಮದ್ದು ತುಂಬಿಡುತ್ತಿದ್ದ ಕೊಂಬನ್ನು ಅಲಂಕಾರಕ್ಕೆಂದು ಮಾಡಿಕೊಡುವ ಆಸೆಯೇ? ಕೊಡುವ ದಿನ ಹತ್ತಿರವಿದ್ದರೆ ಪಾಲಿಶ್ ಆದದ್ದನ್ನೇ ತಗೊಳ್ಳಿ. ಸಮಯವಿದ್ದರೆ ನನ್ನ ಓಟು ಒರಟು ಕೊಂಬಿಗೆ.

ಒರಟು ಕೊಂಬಿಗೆ ಕೆಲಸ ಜಾಸ್ತಿ. ಮೊದಲು ಅರ, ಆಮೇಲೆ ಉಪ್ಪು ಕಾಗದ. ಸುಟ್ಟ ಕೂದಲಿನ ವಾಸನೆ ಬೇರೆ! ಧೂಳಿಗೆ ಮಾಸ್ಕ್ ಬೇಕೇ ಬೇಕು. ಆದರೆ ಎಲ್ಲಿ ಎಷ್ಟು ತೆಳುವಾಗಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ತಿಳಿ ಕೊಂಬನ್ನು ಬೆಳಕು ಹಾಯುವಷ್ಟು ತೆಳು ಮಾಡಬಹುದು.

ಪಾಲಿಶ್ ಆದದ್ದರಲ್ಲಿ ನೇರ ಚಿತ್ರಕ್ಕೆ ಇಳಿಯಬಹುದು. ಸೂಜಿಯಿಂದ ಗೀರಿ, ಇಂಕ್ ಸವರಿ ಒರೆಸಿದರೆ ಗೀರಿನೊಳಗಷ್ಟೇ ಕಪ್ಪು ಉಳಿಯುತ್ತದೆ. ಕಪ್ಪು ಕೊಂಬಿನಲ್ಲಿ ಅದು ಕಾಣುವುದಿಲ್ಲ, ಅಲ್ವಾ?

ತುದಿಗೆ ತೂತು ಕೊರೆಯುವ ತಲೆನೋವು ಎರಡರಲ್ಲೂ ಇರಬಹುದು. ಒಳಗೆ ತಂತಿ ಬಿಟ್ಟು ಟೊಳ್ಳು ಎಲ್ಲಿಗೆ ಮುಗಿಯುತ್ತದೆ ನೋಡಿ, ಹೊರಗೆ ಗುರುತು ಹಾಕಿ. ಸುಮ್ನೆ ಅಂದಾಜಿಗೆ ಕೊರೆದರೆ ಡ್ರಿಲ್ ಪಕ್ಕದಿಂದ ಹೊರಬರಬಹುದು.