ಗಿಟ್‌ಹಬ್ ಪೇಜಸ್: ಮೊದಲ ವೆಬ್‌ಸೈಟಿಗೆ ಬಾಡಿಗೆ ಇಲ್ಲದ ಜಾಗ

ದಾವಣಗೆರೆಯಲ್ಲಿ ಸ್ವಂತಕ್ಕೊಂದು ವೆಬ್‌ಸೈಟ್ ಬೇಕು ಎಂದು ವಿಚಾರಿಸಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಪ್ಯಾಕೇಜು. ಡೊಮೈನ್ (ಸೈಟಿನ ಹೆಸರು), ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಡುವ ಜಾಗ), ಐದು ಪುಟದ ಡಿಸೈನ್ ಎಲ್ಲ ಸೇರಿ ಇಷ್ಟು ಸಾವಿರ, ಮುಂದಿನ ವರ್ಷದಿಂದ ನವೀಕರಣಕ್ಕೆ ಮತ್ತಷ್ಟು. ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗರಿಗೆ, ಮದುವೆ ಫೋಟೊ ತೆಗೆಯುವವರಿಗೆ, ಕಥೆ ಕವನ ಬರೆಯುವ ಮೇಷ್ಟ್ರಿಗೆ ಬೇಕಿರುವುದು ಹೆಚ್ಚೆಂದರೆ ಮೂರು ಪುಟ, ಹತ್ತು ಚಿತ್ರ, ಒಂದು ಫೋನ್ ನಂಬರ್. ಅಷ್ಟಕ್ಕೆ ಹೋಸ್ಟಿಂಗ್ ದುಡ್ಡು ತೆರುವುದು ದಂಡ. ಈ ಕೆಲಸವನ್ನು, ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ತಾಣದ ‘ಪೇಜಸ್’ ಸೇವೆ ಪುಕ್ಕಟೆ ಮಾಡಿಕೊಡುತ್ತದೆ, ಅದೂ ಚೆನ್ನಾಗಿ. ಕೈಯಿಂದ ಹೋಗುವ ಖರ್ಚು ಡೊಮೈನ್ ಹೆಸರಿನದು ಮಾತ್ರ.

2008ರಿಂದ ನಡೆದುಬಂದಿರುವ ಸೇವೆ ಇದು. 2018ರಲ್ಲಿ ಗಿಟ್‌ಹಬ್ ಮೈಕ್ರೋಸಾಫ್ಟ್ ಕೈಗೆ ಹೋದ ಮೇಲೂ ಉಚಿತವಾಗಿಯೇ ಉಳಿದಿದೆ. ನೀವು ಕೊಟ್ಟ ಫೈಲುಗಳನ್ನು ಇದ್ದ ಹಾಗೆ ಬ್ರೌಸರಿಗೆ ಕಳಿಸುವುದಷ್ಟೇ ಇದರ ಕೆಲಸ. ಪಿಎಚ್‌ಪಿಯಂಥ ಸರ್ವರ್ ಪ್ರೋಗ್ರಾಂ ಓಡುವುದಿಲ್ಲ, ಡೇಟಾಬೇಸ್ ಇಲ್ಲ, ಹಾಗಾಗಿ ವರ್ಡ್‌ಪ್ರೆಸ್ ಹಾಕಲು ಬರುವುದಿಲ್ಲ. ಸೈಟಿನ ಒಟ್ಟು ಗಾತ್ರ 1 ಜಿಬಿ ಮೀರಬಾರದು. ತಿಂಗಳಿಗೆ 100 ಜಿಬಿ ಡೇಟಾ ಎಂಬ ಸಡಿಲ ಮಿತಿಯೊಂದಿದೆ. ಒಂದು ಪುಟ ಚಿತ್ರವೆಲ್ಲ ಸೇರಿ 1 ಎಂಬಿ ತೂಗಿದರೂ ಅದು ತಿಂಗಳಿಗೆ ಒಂದು ಲಕ್ಷ ಸಲ ತೆರೆದುಕೊಳ್ಳಬಹುದು. ನಮ್ಮ ನಿಮ್ಮ ಸೈಟುಗಳಿಗೆ ಆ ಚಿಂತೆ ಬೇಡ.

ಮೊದಲು ಹೆಸರಿನ ವಿಚಾರ, ಏಕೆಂದರೆ ಇಲ್ಲಿ ಎಡವಿದರೆ ಆಮೇಲೆ ಸರಿಪಡಿಸುವುದು ಕಷ್ಟ. ಗಿಟ್‌ಹಬ್‌ನಲ್ಲಿ ಇಟ್ಟುಕೊಳ್ಳುವ ಯೂಸರ್‌ನೇಮ್ ನಿಮ್ಮ ಉಚಿತ ವಿಳಾಸದ (ಯೂಸರ್‌ನೇಮ್ ಡಾಟ್ ಗಿಟ್‌ಹಬ್ ಡಾಟ್ ಐಒ) ಮೊದಲ ಭಾಗವಾಗುತ್ತದೆ. ಕಾಲೇಜಿನ ಹುಮ್ಮಸ್ಸಿನಲ್ಲಿ ಅಭಿಮಾನದ ನಟನ ಹೆಸರು, ಹುಟ್ಟಿದ ವರ್ಷ ಎಲ್ಲ ಸೇರಿಸಬೇಡಿ. ಡೊಮೈನ್ ಕೊಳ್ಳುವಾಗ ಊರಿನ ಹೆಸರನ್ನೂ ಬಿಡುವುದೇ ಲೇಸು. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ವಿಶ್ವವಿದ್ಯಾಲಯ ಒಂದು ‘ಎ’ ಕಡಿಮೆ ಮಾಡಿ ಬರೆಯುತ್ತದೆ, ಜಿಲ್ಲಾಡಳಿತದ ಸೈಟು ಒಂದು ‘ಎ’ ಹೆಚ್ಚಿಗೆ ಬರೆಯುತ್ತದೆ. ಫೋನಿನಲ್ಲಿ ವಿಳಾಸ ಹೇಳಿದರೆ ಕೇಳಿದವರಲ್ಲಿ ಅರ್ಧ ಜನ ತಪ್ಪು ಟೈಪ್ ಮಾಡುತ್ತಾರೆ.

ಡಾಟ್ ಇನ್ ಹೆಸರಿಗೆ ಮೊದಲ ವರ್ಷ ಆಫರ್ ಬೆಲೆ ಇರುತ್ತದೆ, ಎರಡನೇ ವರ್ಷದಿಂದ ಅಸಲಿ ಬೆಲೆ. ಆದ್ದರಿಂದ ನೋಡಬೇಕಾದದ್ದು ನವೀಕರಣದ ದರ. ಸಾವಿರ ರೂಪಾಯಿ ಆಸುಪಾಸು, ಮೇಲೆ 18% ಜಿಎಸ್‌ಟಿ ಎಂದು ಲೆಕ್ಕ ಹಿಡಿಯಿರಿ. ಬಿಲ್ಲಿನ ಪುಟದಲ್ಲಿ ಹೋಸ್ಟಿಂಗ್, ಇಮೇಲ್, ಎಸ್‌ಎಸ್‌ಎಲ್ ಎಂದು ಮೊದಲೇ ಟಿಕ್ ಬಿದ್ದಿದ್ದರೆ ಎಲ್ಲ ತೆಗೆಯಿರಿ. ಸೈಟಿನ ಸಂಪರ್ಕವನ್ನು ಸುರಕ್ಷಿತಗೊಳಿಸುವ ಈ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಮೂಲಕ ಗಿಟ್‌ಹಬ್ಬೇ ಉಚಿತವಾಗಿ ಕೊಡುತ್ತದೆ. ಡೊಮೈನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಲಾಗಿನ್‌ನಲ್ಲೇ ಇರಬೇಕು. ಡಿಸೈನ್ ಬೇರೆಯವರ ಕೈಲಿ ಮಾಡಿಸಿದರೂ ಇದೊಂದನ್ನು ಬಿಟ್ಟುಕೊಡಬೇಡಿ, ಬಿಟ್ಟುಕೊಟ್ಟರೆ ಮುಂದಿನ ವರ್ಷ ಅವರು ಹೇಳಿದ್ದೇ ರೇಟು.

ಇನ್ನು ಕಟ್ಟುವ ಕೆಲಸ. ಗಿಟ್‌ಹಬ್‌ನಲ್ಲಿ ಹೊಸ ರೆಪಾಸಿಟರಿ (ಫೈಲುಗಳನ್ನು ಇಡುವ ಕಣಜ) ತೆರೆದು, ಯೂಸರ್‌ನೇಮ್ ಡಾಟ್ ಗಿಟ್‌ಹಬ್ ಡಾಟ್ ಐಒ ಎಂದೇ ಅದಕ್ಕೆ ಹೆಸರಿಡಿ. ಉಚಿತ ಖಾತೆಯಲ್ಲಿ ಪೇಜಸ್ ನಡೆಯಬೇಕಾದರೆ ರೆಪಾಸಿಟರಿ ‘ಪಬ್ಲಿಕ್’ ಆಗಿರಲೇಬೇಕು. ‘ಆಡ್ ಫೈಲ್’ ಒತ್ತಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂಬ ಮುಖಪುಟದ ಫೈಲನ್ನು ಏರಿಸಿ, ‘ಕಮಿಟ್’ ಮಾಡಿ (ಬದಲಾವಣೆ ಉಳಿಸಿ). ಬ್ರೌಸರಿನಿಂದ ಏರಿಸುವಾಗ ಒಂದೊಂದು ಫೈಲಿಗೆ 25 ಎಂಬಿ ಮಿತಿ. ಸೆಟ್ಟಿಂಗ್ಸ್‌ನ ಪೇಜಸ್ ವಿಭಾಗದಲ್ಲಿ ‘ಮೇನ್’ ಬ್ರಾಂಚ್, ‘ರೂಟ್’ ಫೋಲ್ಡರ್ ಆಯ್ಕೆಯಾಗಿದೆಯೇ ನೋಡಿ. ‘ಆಕ್ಷನ್ಸ್’ ಟ್ಯಾಬಿನಲ್ಲಿ ಹಳದಿ ಚುಕ್ಕೆ ಹಸಿರು ಟಿಕ್ ಆದರೆ ಸೈಟು ಸಿದ್ಧ. ಗಿಟ್ ಕಮ್ಯಾಂಡುಗಳನ್ನು ಕಲಿಯುವ ಅಗತ್ಯ ಸದ್ಯಕ್ಕಿಲ್ಲ. ರೆಪಾಸಿಟರಿ ತೆರೆದಿರುವಾಗ ಕೀಬೋರ್ಡಿನ ಫುಲ್‌ಸ್ಟಾಪ್ ಕೀಲಿ ಒತ್ತಿದರೆ ಬ್ರೌಸರಿನಲ್ಲೇ ಪೂರ್ತಿ ಎಡಿಟರ್ ತೆರೆದುಕೊಳ್ಳುತ್ತದೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದೆ ಕಾಲೇಜು ಲ್ಯಾಬಿನಲ್ಲಿ ಕೂತು ಮಾಡುವವರಿಗೆ ಇದು ದೊಡ್ಡ ಅನುಕೂಲ, ಯಾವ ಸಾಫ್ಟ್‌ವೇರೂ ಇನ್‌ಸ್ಟಾಲ್ ಆಗಬೇಕಿಲ್ಲ.

ಬದಲಾವಣೆ ಮಾಡಿದ ತಕ್ಷಣ ಹೊಸ ಪುಟ ಕಾಣದಿದ್ದರೆ ಗಾಬರಿ ಬೇಡ. ಫೈಲುಗಳನ್ನು 10 ನಿಮಿಷ ಇಟ್ಟುಕೊಳ್ಳುವಂತೆ ಗಿಟ್‌ಹಬ್ ಬ್ರೌಸರಿಗೆ ಹೇಳಿರುತ್ತದೆ. ಅಷ್ಟು ಹೊತ್ತು ಕಾಯಿರಿ, ಇಲ್ಲವೇ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ.

ಹೊಸಬರು ಹೆಚ್ಚು ಒದ್ದಾಡುವುದು ಡೊಮೈನ್ ಜೋಡಿಸುವಲ್ಲಿ. ಮೊದಲು ಪೇಜಸ್ ಸೆಟ್ಟಿಂಗ್‌ನ ‘ಕಸ್ಟಮ್ ಡೊಮೈನ್’ ಜಾಗದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಸಮೇತ ನಿಮ್ಮ ಹೆಸರು ಬರೆದು ಸೇವ್ ಮಾಡಿ, ಆಮೇಲೆ ಡೊಮೈನ್ ಕೊಂಡ ಕಡೆ ಹೋಗಿ ಡಿಎನ್‌ಎಸ್ (ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಪಟ್ಟಿ) ಬದಲಿಸಿ. ಈ ಕ್ರಮ ತಿರುಗುಮುರುಗಾದರೆ ನಡುವಿನ ಸಮಯದಲ್ಲಿ ಬೇರೆ ಯಾರಾದರೂ ನಿಮ್ಮ ಡೊಮೈನನ್ನು ತಮ್ಮ ರೆಪಾಸಿಟರಿಗೆ ಕಟ್ಟಿಕೊಳ್ಳಬಹುದು. ಡಿಎನ್‌ಎಸ್‌ನಲ್ಲಿ ಬರಿ ಡೊಮೈನಿಗೆ ಸರ್ವರಿನ ಅಂಕೆ ವಿಳಾಸ ಹೇಳುವ ನಾಲ್ಕು ‘ಎ’ ರೆಕಾರ್ಡ್ ಬೇಕು: 185.199.108.153, 185.199.109.153, 185.199.110.153, 185.199.111.153. ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತಿರುಗಿಸುವ ‘ಸಿನೇಮ್’ ರೆಕಾರ್ಡ್ ಹಾಕಿ ಅದನ್ನು ಯೂಸರ್‌ನೇಮ್ ಡಾಟ್ ಗಿಟ್‌ಹಬ್ ಡಾಟ್ ಐಒಗೆ ತಿರುಗಿಸಿ. ಇಷ್ಟಾದರೂ ಸೈಟು ಒಮ್ಮೆ ಬಂದು ಒಮ್ಮೆ ಜಾಹೀರಾತಿನ ಪುಟ ತೋರಿಸುತ್ತಿದ್ದರೆ, ಡೊಮೈನ್ ಮಾರಿದವರು ಮೊದಲೇ ಹಾಕಿಟ್ಟ ‘ಪಾರ್ಕಿಂಗ್’ ರೆಕಾರ್ಡ್ ಇನ್ನೂ ಅಲ್ಲೇ ಇದೆ ಎಂದರ್ಥ. ಅದನ್ನು ಅಳಿಸಿ. ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಬಳಸುವವರು ರೆಕಾರ್ಡಿನ ಪಕ್ಕದ ಕಿತ್ತಳೆ ಮೋಡದ ಗುರುತನ್ನು ಬೂದು ಮಾಡಿಡಬೇಕು, ಇಲ್ಲದಿದ್ದರೆ ಗಿಟ್‌ಹಬ್‌ನ ಸರ್ಟಿಫಿಕೇಟ್ ಸಿಕ್ಕಿಹಾಕಿಕೊಳ್ಳುತ್ತದೆ. ‘ಎನ್‌ಫೋರ್ಸ್ ಎಚ್‌ಟಿಟಿಪಿಎಸ್’ ಟಿಕ್ ಒತ್ತಲು ಸಿಗುವುದಕ್ಕೆ 24 ಗಂಟೆಯವರೆಗೂ ಹಿಡಿಯಬಹುದು. ಸಿಕ್ಕ ಕೂಡಲೇ ಒತ್ತಿ.

ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಚಿತ್ರ ಆನ್‌ಲೈನ್‌ನಲ್ಲಿ ಒಡೆದ ಚೌಕವಾಗಿ ಕಂಡರೆ ಕಾರಣ ಹತ್ತರಲ್ಲಿ ಎಂಟು ಸಲ ಒಂದೇ. ವಿಂಡೋಸಿಗೆ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ, ಗಿಟ್‌ಹಬ್‌ಗೆ ಇದೆ. ಕ್ಯಾಮೆರಾದಿಂದ ಬಂದ ಫೈಲಿನ ಬಾಲದಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿದ್ದು, ನೀವು ಪುಟದಲ್ಲಿ ಸಣ್ಣಕ್ಷರ ಬರೆದಿದ್ದರೆ 404 (ಫೈಲು ಸಿಗಲಿಲ್ಲ ಎಂಬ ಸಂದೇಶ) ಗ್ಯಾರಂಟಿ. ಎಲ್ಲ ಫೈಲಿಗೂ ಸಣ್ಣಕ್ಷರದ ಹೆಸರಿಡಿ, ನಡುವೆ ಜಾಗ ಬಿಡಬೇಡಿ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಫೋಲ್ಡರುಗಳನ್ನು ಗಿಟ್‌ಹಬ್‌ನ ಜೆಕಿಲ್ ಎಂಬ ಪುಟ ಕಟ್ಟುವ ಸಾಧನ ನುಂಗಿಹಾಕುತ್ತದೆ. ಡಾಟ್ ನೋಜೆಕಿಲ್ ಎಂಬ ಖಾಲಿ ಫೈಲೊಂದನ್ನು ಇಟ್ಟರೆ ಆ ತಂಟೆ ಇಲ್ಲ. ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು, ಆದರೆ ಅದರ ಲಿಂಕನ್ನು ಕಾಪಿ ಮಾಡಿದಾಗ ಒಂದೊಂದು ಕನ್ನಡ ಚಿಹ್ನೆಯೂ ಪರ್ಸೆಂಟ್ ಗುರುತುಗಳ ಸಮೇತ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಕಳಿಸಿದರೆ ನೋಡಿದವರು ವೈರಸ್ಸೋ ಏನೋ ಎಂದು ಒತ್ತುವುದೇ ಇಲ್ಲ.

ಫೋನಿನ ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಸ್ಕ್ವೂಶ್ ಎಂಬ ಗೂಗಲ್‌ನವರ ಉಚಿತ ಸಾಧನದಲ್ಲಿ ಅಗಲ 1200 ಪಿಕ್ಸೆಲ್, ಗುಣಮಟ್ಟ 75 ಇಟ್ಟು ವೆಬ್‌ಪಿ ಎಂಬ ಹಗುರ ಚಿತ್ರದ ಮಾದರಿಗೆ ಬದಲಿಸಿದರೆ ಬಹುತೇಕ ಚಿತ್ರಗಳು 200 ಕೆಬಿ ಒಳಗೆ ಬರುತ್ತವೆ. ಫೋಟೊದೊಳಗೆ ಅಡಗಿರುವ ಜಿಪಿಎಸ್ ವಿವರವೂ ಅಲ್ಲೇ ಕಳಚಿಹೋಗುತ್ತದೆ. ಮನೆಯಲ್ಲಿ ತೆಗೆದ ಚಿತ್ರ ಹಾಕುವವರಿಗೆ ಗಾತ್ರಕ್ಕಿಂತ ಇದು ಮುಖ್ಯ.

ಕನ್ನಡದಲ್ಲಿ ಪುಟ ಮಾಡುವವರಿಗೆ ಇನ್ನೊಂದು ತೊಡಕಿದೆ, ಅದು ಗಿಟ್‌ಹಬ್‌ನ ತಪ್ಪಲ್ಲ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ ಫೈಲು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟು) ಇರುವುದು ಇವತ್ತಿಗೂ ಮಾಮೂಲು. ಅಚ್ಚಿಗೆ ಅದು ಸರಿ. ವೆಬ್ ಪುಟಕ್ಕೆ ಅಂಟಿಸಿದರೆ ‘ದಾವಣಗೆರೆ’ ಎಂಬ ಪದ ಸಣ್ಣ ಝಡ್‌ನಿಂದ ಶುರುವಾಗಿ, ನೆತ್ತಿಯ ಮೇಲೆ ಗೆರೆ ಎಳೆದ ಎ, ಇ ಅಕ್ಷರಗಳ ಸರಮಾಲೆಯಾಗಿ ಕಾಣುತ್ತದೆ. ಆ ಫಾಂಟನ್ನೇ ಸೈಟಿಗೂ ತುಂಬಿ ಕನ್ನಡದಂತೆ ತೋರಿಸುವ ಉಪಾಯ ಕೆಲವರು ಹೇಳುತ್ತಾರೆ. ಬೇಡವೇ ಬೇಡ, ಗೂಗಲ್‌ಗೆ ಅದು ಕನ್ನಡವೇ ಅಲ್ಲ, ಹುಡುಕಿದರೆ ಸಿಗುವುದಿಲ್ಲ. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಯುನಿಕೋಡ್ ಮಾಡಿಕೊಳ್ಳಿ. ಆಮೇಲೆ ಎರಡು ಕಡೆ ಕಣ್ಣಾಡಿಸಿ. ಅರ್ಕಾವತ್ತು ಒಂದಕ್ಷರ ಆಚೀಚೆ ಜಾರಿರುತ್ತದೆ. ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸ, ಕಾಲೇಜಿನ ಹೆಸರು ಅರ್ಥವಿಲ್ಲದ ಕನ್ನಡವಾಗಿ ಬದಲಾಗಿರುತ್ತವೆ, ಏಕೆಂದರೆ ಆಸ್ಕಿ ಫೈಲಿನಲ್ಲಿ ಎರಡೂ ಭಾಷೆಗೆ ಅವೇ ಸಂಕೇತಗಳು.

ಪುಟದ ತಲೆಯಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದೂ, ಭಾಷೆ ‘ಕೆಎನ್’ ಎಂದೂ ಬರೆದಿರಬೇಕು. ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಮರೆತರೆ ಫೋನಿನಲ್ಲಿ ಅಕ್ಷರ ಇರುವೆಯಂತೆ ಕಾಣುತ್ತದೆ. ಫಾಂಟಿಗೆ ಪ್ರತ್ಯೇಕ ಫೈಲು ಏರಿಸಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ವಿಂಡೋಸಿನಲ್ಲಿ ನಿರ್ಮಲಾ ಯುಐ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂಎನ್ ಇದ್ದೇ ಇರುತ್ತವೆ, ಅವನ್ನೇ ಸಾಲಾಗಿ ಹೆಸರಿಸಿ. ಲೈನ್ ಹೈಟ್ (ಸಾಲಿನ ಎತ್ತರ) 1.7 ಇಡಿ. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಸಾಮಾನ್ಯವಾಗಿರುವ 1.2ರಲ್ಲಿ ‘ರಾಷ್ಟ್ರೀಯ’ದಂತಹ ಪದದ ಒತ್ತು ಕೆಳಸಾಲಿನ ತಲೆಗೆ ತಾಗುತ್ತದೆ, ಬಟನ್ನಿನೊಳಗಾದರೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ.

ಈ ಸೇವೆಯ ಬಗ್ಗೆ ನಿಜವಾದ ತಕರಾರು ಇರುವುದು ‘ಪಬ್ಲಿಕ್’ ಎಂಬ ಷರತ್ತಿನ ಬಗ್ಗೆ. ಸೈಟಿನಲ್ಲಿ ಕಾಣದ ಫೈಲೂ ರೆಪಾಸಿಟರಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಅಳಿಸಿದ ಫೈಲೂ ಹಳೆಯ ಕಮಿಟ್‌ಗಳಲ್ಲಿ ಹಾಗೇ ಕೂತಿರುತ್ತದೆ. ಮಾರ್ಕ್ಸ್ ಕಾರ್ಡ್, ಆಧಾರ್ ನಂಬರ್ ಇರುವ ಬಯೋಡೇಟಾ ಒಮ್ಮೆ ಏರಿಸಿ ಆಮೇಲೆ ಡಿಲೀಟ್ ಒತ್ತಿದರೆ ಪ್ರಯೋಜನವಿಲ್ಲ. ಸುಲಭದ ದಾರಿ ಎಂದರೆ ಇಡೀ ರೆಪಾಸಿಟರಿ ಅಳಿಸಿ ಹೊಸದಾಗಿ ಮಾಡುವುದು. ಖಾತೆಯ ಸೆಟ್ಟಿಂಗ್‌ನಲ್ಲಿ ಇಮೇಲ್ ಗುಟ್ಟಾಗಿಡುವ ಆಯ್ಕೆಯನ್ನೂ ಮೊದಲ ದಿನವೇ ಒತ್ತಿಡಿ. ಎರಡು ಹಂತದ ಲಾಗಿನ್‌ಗೆ ಕೊಡುವ ರಿಕವರಿ ಕೋಡುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಕಳೆದರೆ ಅವೇ ಗತಿ.

ಸಂಪರ್ಕದ ಫಾರಂ ಇಲ್ಲಿ ತಾನಾಗಿ ಕೆಲಸ ಮಾಡುವುದಿಲ್ಲ. ಅದರ ಬದಲು ವಾಟ್ಸಾಪಿನ ಡಬ್ಲ್ಯುಎ ಡಾಟ್ ಎಂಇ ವಿಳಾಸದ ನಂತರ ಓರೆಗೆರೆ, 91, ನಂತರ ಹತ್ತಂಕಿಯ ನಂಬರ್ ಸೇರಿಸಿ ಲಿಂಕ್ ಕೊಡಿ. ನಡುವೆ ಪ್ಲಸ್ಸೂ ಬೇಡ, ಸೊನ್ನೆಯೂ ಬೇಡ. ನಮ್ಮೂರಲ್ಲಿ ಇಮೇಲ್ ಬರೆಯುವವರಿಗಿಂತ ವಾಟ್ಸಾಪ್ ಮಾಡುವವರೇ ಜಾಸ್ತಿ. ವಿಸಿಟಿಂಗ್ ಕಾರ್ಡಿಗೆ ಕ್ಯೂಆರ್ ಕೋಡ್ ಹಾಕಿಸುವುದಾದರೆ ‘ಡೈನಾಮಿಕ್’ ಎಂಬುದನ್ನು ಆರಿಸಬೇಡಿ. ಅದು ಬೇರೆ ಕಂಪನಿಯ ಲಿಂಕಿನ ಮೂಲಕ ತಿರುಗಿ ಬರುತ್ತದೆ, ಉಚಿತ ಅವಧಿ ಮುಗಿದ ದಿನ ಅಚ್ಚಾದ ಐನೂರು ಕಾರ್ಡೂ ರದ್ದಿ. ನೇರ ವಿಳಾಸದ ‘ಸ್ಟ್ಯಾಟಿಕ್’ ಕೋಡಿಗೆ ಅವಧಿಯೇ ಇಲ್ಲ.

ಐದಕ್ಕೆ ನಾಲ್ಕು ಕೊಡಬಹುದು. ಒಂದು ಅಂಕ ಕಡಿದದ್ದು ಪಬ್ಲಿಕ್ ಷರತ್ತಿಗೆ. ಅದು ಒಗ್ಗದಿದ್ದರೆ ಕ್ಲೌಡ್‌ಫ್ಲೇರ್ ಪೇಜಸ್ ನೋಡಿ. ಅಲ್ಲಿ ಪ್ರೈವೇಟ್ ರೆಪಾಸಿಟರಿಯಿಂದಲೂ ಸೈಟು ನಡೆಯುತ್ತದೆ, ಉಚಿತ ಖಾತೆಗೆ ತಿಂಗಳಿಗೆ 500 ಬಿಲ್ಡ್ (ಸೈಟನ್ನು ಹೊಸದಾಗಿ ಕಟ್ಟುವ ಅವಕಾಶ) ಸಿಗುತ್ತವೆ, ಒಂದು ಫೈಲು ಮಾತ್ರ 25 ಎಂಬಿ ಮೀರುವಂತಿಲ್ಲ. ಕೋಡಿನ ಮುಖವೇ ನೋಡಲೊಲ್ಲೆ ಎನ್ನುವವರಿಗೆ ಗೂಗಲ್ ಸೈಟ್ಸ್ ಆದೀತು, ರೂಪ ಎಲ್ಲರದ್ದೂ ಒಂದೇ ಥರ ಇರುತ್ತದೆ ಅಷ್ಟೇ. ಆನ್‌ಲೈನ್ ವ್ಯಾಪಾರಕ್ಕೆ ಗಿಟ್‌ಹಬ್ ಪೇಜಸ್ ಬೇಡ, ನಿಯಮದಲ್ಲೇ ಅದಕ್ಕೆ ಅವಕಾಶವಿಲ್ಲ. ತೆಗೆದ ಫೋಟೊಗಳ ಸಂಗ್ರಹ ತೋರಿಸುವುದು ಸರಿ, ಅಲ್ಲೇ ಆರ್ಡರ್ ಹಿಡಿದು ದುಡ್ಡು ಕಟ್ಟಿಸಿಕೊಳ್ಳುವ ಬೆಣ್ಣೆ ದೋಸೆ ಹೋಟೆಲಿನ ಸೈಟನ್ನು ದುಡ್ಡು ಕೊಟ್ಟ ಹೋಸ್ಟಿಂಗ್‌ನಲ್ಲೇ ಇಡಬೇಕು.