ಕ್ರಿಟಾ ಹಿಡಿದು ಕೋರ್ಸ್ ಮಾಡಿದ ಮೂರು ವರ್ಷ: ಒಬ್ಬ ಡ್ರಾಯಿಂಗ್ ಮೇಷ್ಟ್ರ ಅನುಭವ

"ಸರ್, ನನ್ನ ಬ್ರಷ್ ಕೆಟ್ಟುಹೋಗಿದೆ. ಎಷ್ಟು ಉಜ್ಜಿದರೂ ಬಣ್ಣ ಬರ್ತಿಲ್ಲ."

ಹೊಸ ಬ್ಯಾಚ್ ಶುರುವಾದ ಎರಡನೇ ದಿನಕ್ಕೆ ವಾಟ್ಸಾಪ್‌ನಲ್ಲಿ ಈ ಮೆಸೇಜ್ ಬಂದೇ ಬರುತ್ತದೆ. ಬ್ರಷ್‌ಗೆ ಏನೂ ಆಗಿರುವುದಿಲ್ಲ. ಕೈ ತಗುಲಿ ಕೀಬೋರ್ಡಿನ 'ಇ' ಕೀ ಒತ್ತಿಹೋಗಿರುತ್ತದೆ, ಅಷ್ಟೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕ್ರಿಟಾ ಎಂಬ ಸಾಫ್ಟ್‌ವೇರ್‌ನಲ್ಲಿ ಕೈಯಲ್ಲಿರುವ ಬ್ರಷ್ಷೇ 'ಇ' ಒತ್ತಿದರೆ ರಬ್ಬರ್ ಆಗುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಬ್ರಷ್. ಗೊತ್ತಿದ್ದವರಿಗೆ ಇದಕ್ಕಿಂತ ಸುಖ ಇಲ್ಲ. ಚಾರ್ಕೋಲ್ ಬ್ರಷ್‌ನಲ್ಲಿ ಬರೆದದ್ದನ್ನು ಅದೇ ಚಾರ್ಕೋಲಿನ ತರಿತರಿಯಲ್ಲೇ ಅಳಿಸಬಹುದು. ಗೊತ್ತಿಲ್ಲದವರಿಗೆ ಮಾತ್ರ ಒಂದು ಸಂಜೆ ಪೂರ್ತಿ ಹಾಳು.

ಮೂರು ವರ್ಷ ಈ ಸಾಫ್ಟ್‌ವೇರ್ ಇಟ್ಟುಕೊಂಡು ಕಲಿಸಿದ ಮೇಲೆ ನನಗೆ ಅನಿಸಿದ್ದು ಇದು. ಕ್ರಿಟಾದಲ್ಲಿ ಏನೇನಿದೆ ಎಂದು ತೋರಿಸುವುದು ಸುಲಭ. ಏನನ್ನು ತೋರಿಸಬಾರದು ಎಂದು ತೀರ್ಮಾನಿಸುವುದರಲ್ಲೇ ಕೋರ್ಸ್ ಮಾಡುವವನ ಅರ್ಧ ಆಯಸ್ಸು ಹೋಗುತ್ತದೆ.

ನಾನು ಧಾರವಾಡದಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವವನು. 2022ರ ಬೇಸಿಗೆ ರಜೆಯಲ್ಲಿ, ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನೂ ಎಳೆಯದವರಿಗಾಗಿ ಕನ್ನಡದಲ್ಲಿ ಒಂದು ಕೋರ್ಸ್ ಮಾಡಲು ಕೂತೆ. ಕ್ರಿಟಾ ಆರಿಸಿಕೊಳ್ಳಲು ಮೊದಲ ಕಾರಣ ದುಡ್ಡು. ನಮ್ಮ ಕಡೆ ಎಷ್ಟೋ ಹುಡುಗರ ಲ್ಯಾಪ್‌ಟಾಪಿನಲ್ಲಿ ಪೆನ್ ಡ್ರೈವ್‌ನಿಂದ ಬಂದ ಕದ್ದ ಸಾಫ್ಟ್‌ವೇರ್ ಇರುತ್ತದೆ. ಒಬ್ಬನೇ ಕೂತು ಬಳಸುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಆದರೆ ಮೇಷ್ಟ್ರಾಗಿ ಕ್ಯಾಮೆರಾ ಮುಂದೆ ಕೂತು "ಎಲ್ಲಿಂದಾದರೂ ಹಾಕಿಸಿಕೊಳ್ಳಿ" ಎನ್ನಲು ಬಾಯಿ ಬರುವುದಿಲ್ಲ ಅಲ್ವಾ? ಕ್ರಿಟಾ ಮುಕ್ತ ತಂತ್ರಾಂಶ. ಅದರದೇ ವೆಬ್‌ಸೈಟಿನಿಂದ ಇಳಿಸಿಕೊಂಡರೆ ಒಂದು ಪೈಸೆಯೂ ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನನ್ನ ಪರದೆಯಲ್ಲಿ ಇರುವುದೇ ಕಲಿಯುವವರ ಪರದೆಯಲ್ಲೂ ಇರುತ್ತದೆ. ಕಲಿಸುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಒಂದು ಗೊಂದಲ ಆಗಾಗ ಬರುತ್ತದೆ: "ಸರ್, ಇದು ದುಡ್ಡು ಕೇಳುತ್ತಿದೆ." ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರ್‌ಗಳಲ್ಲಿ ಇದಕ್ಕೆ ಬೆಲೆ ಇಟ್ಟಿದ್ದಾರೆ. ಸಾಫ್ಟ್‌ವೇರ್ ಅದೇ, ಕಟ್ಟುವ ದುಡ್ಡು ಅದನ್ನು ಬೆಳೆಸುವವರಿಗೆ ಹೋಗುತ್ತದೆ. ಹುಡುಗರಿಗೆ ಬೇಡ ಎಂದೇ ಹೇಳುತ್ತೇನೆ. ನಾನು ಮಾತ್ರ ಹೋದ ವರ್ಷ ಕೊಂಡುಕೊಂಡೆ, ಇಷ್ಟು ದಿನ ಬಿಟ್ಟಿ ಉಂಡಿದ್ದೆನಲ್ಲ. ಇನ್ನು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಕ್ರಿಟಾ ಅಂದರೆ ಸೀಮೆಸುಣ್ಣ, ಬಳಪ. ಜೀವನಪೂರ್ತಿ ಅಂಗಿಯ ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡವನಿಗೆ ಇದು ತಿಳಿದಾಗ ಸುಮ್ನೆ ಖುಷಿಯಾಯಿತು.

ನನ್ನ ಮೊದಲ ವೀಡಿಯೊ 42 ನಿಮಿಷದ್ದು. ಈ ಬಟನ್ ಹೀಗೆ, ಆ ಮೆನು ಹಾಗೆ ಎಂದು ಪರದೆಯ ಮೂಲೆಮೂಲೆ ತೋರಿಸಿದ್ದೆ. ಪೂರ್ತಿ ನೋಡಿದವರು ಯಾರೂ ಇರಲಿಕ್ಕಿಲ್ಲ. ಒಬ್ಬ ಹುಡುಗಿ ಪಾಪ, "ಸರ್, ಚಿತ್ರ ಯಾವಾಗ ಬರೆಯೋದು?" ಎಂದು ಕೇಳಿದಳು. ಅವತ್ತೇ ಅದನ್ನು ತೆಗೆದುಹಾಕಿದೆ.

ಈಗ ಮೊದಲ ಪಾಠ 9 ನಿಮಿಷ. ಅದರಲ್ಲಿ ಒಂದು ಚೆಂಡು ಬರೆಯುತ್ತೇವೆ. ಕ್ರಿಟಾ ಜೊತೆ 100ಕ್ಕೂ ಹೆಚ್ಚು ಬ್ರಷ್ ಬರುತ್ತವೆ. ನಾನು ಕೊಡುವುದು ಮೂರೇ: ಗೆರೆಗೆ ಒಂದು, ಬಣ್ಣ ತುಂಬಲು ಒಂದು, ಅಂಚು ಕರಗಿಸಲು ಒಂದು. ಈ ಮೂರನ್ನೂ ಒಂದು ಚಿಕ್ಕ ಬಣ್ಣದ ತಟ್ಟೆಯನ್ನೂ ಸೇರಿಸಿ ಒಂದು ಬಂಡಲ್ ಫೈಲ್ ಮಾಡಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತೇನೆ. ಹೀಗೆ ಕಟ್ಟಿಕೊಡುವ ಸೌಲಭ್ಯ ಕ್ರಿಟಾದಲ್ಲೇ ಇದೆ. ಕೋರ್ಸ್ ಮಾಡುವವರು ಇದನ್ನು ಮೊದಲ ದಿನವೇ ಕಲಿಯಬೇಕು. ನಾನು ಕಲಿತದ್ದು ಎರಡನೇ ವರ್ಷ. ಅಲ್ಲಿಯತನಕ "ಎಡಗಡೆಯಿಂದ ನಾಲ್ಕನೇ ಬ್ರಷ್" ಎಂದು ಹೇಳಿ ಹೇಳಿ ಗಂಟಲು ಒಣಗಿತ್ತು.

ನೆರಳು ಬೆಳಕಿನ ಪಾಠಕ್ಕೆ ಚನ್ನಪಟ್ಟಣದ ಬುಗುರಿ ಇಟ್ಟುಕೊಂಡಿದ್ದೇನೆ, ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆ. ಎರಡೂ ದುಂಡಗೇ ಇವೆ. ಆದರೆ ಅರಗಿನ ಬಣ್ಣ ಕೊಟ್ಟ ಬುಗುರಿಯ ಮೇಲೆ ಕಿಟಕಿಯ ಬೆಳಕು ಚೂಪಾಗಿ, ಬಿಳಿ ಚುಕ್ಕಿಯಾಗಿ ಕೂರುತ್ತದೆ. ಕುಡಿಕೆಯ ಮೇಲೆ ಅದೇ ಬೆಳಕು ಹರಡಿ ಮಂಕಾಗುತ್ತದೆ. ನೆರಳಿನ ಕಡೆ ಹತ್ತಿರದಿಂದ ನೋಡಿದರೆ, ಕೆಳಗಿನ ಅಂಚಿನಲ್ಲಿ ಮೇಜಿನ ಬಣ್ಣ ತುಸು ತೇಲಿಬಂದಿರುತ್ತದೆ. ಹೊಸಬರು ನೆರಳಿಗೆ ಕಪ್ಪು ಬಳಿಯುತ್ತಾರೆ, ಬುಗುರಿ ಸುಟ್ಟ ಬದನೆಕಾಯಿ ಆಗುತ್ತದೆ. ಆಗ ನಾನು ಬುಗುರಿಯ ಫೋಟೋವನ್ನು ಕ್ರಿಟಾದಲ್ಲಿ ತೆರೆದು, ಬ್ರಷ್ ಹಿಡಿದೇ ಕಂಟ್ರೋಲ್ ಕೀ ಒತ್ತಿ ನೆರಳಿನ ಮೇಲೆ ತಾಗಿಸುತ್ತೇನೆ. ಅಲ್ಲಿನ ಬಣ್ಣ ಬ್ರಷ್‌ಗೆ ಹತ್ತುತ್ತದೆ. ಖಾಲಿ ಹಾಳೆಯಲ್ಲಿ ಬಳಿದು ತೋರಿಸಿದರೆ ಅದು ಕಪ್ಪಲ್ಲ, ಗಾಢ ಕೆಂಪು. ಕಾಗದದ ಕ್ಲಾಸಿನಲ್ಲಿ ಇಪ್ಪತ್ತು ವರ್ಷ ಬಾಯಲ್ಲಿ ಹೇಳಿ ನಂಬಿಸಲಾಗದ್ದನ್ನು ಈ ಒಂದು ಕೀ ನಂಬಿಸುತ್ತದೆ.

ಮುಖ ಬರೆಯುವ ಪಾಠದಲ್ಲಿ 'ಎಂ' ಕೀ. ಒತ್ತಿದರೆ ಪರದೆ ಕನ್ನಡಿಯಲ್ಲಿ ನೋಡಿದಂತೆ ತಿರುಗುತ್ತದೆ. ಇಷ್ಟು ಹೊತ್ತು ಚೆಂದ ಕಂಡ ಮುಖದ ಒಂದು ಕಣ್ಣು ಹಣೆಗೆ ಹತ್ತಿರ, ಇನ್ನೊಂದು ಕೆನ್ನೆಗೆ ಹತ್ತಿರ! ಎಲ್ಲರಿಗೂ ಮೊದಲ ಸಲ ನಾಚಿಕೆಯಾಗುತ್ತದೆ. ನನಗೂ ಆಗಿತ್ತು.

ಎಲ್ಲರೂ ಎಡವುವ ಜಾಗ ಒಂದಿದೆ, ಅದನ್ನು ತುಸು ಬಿಡಿಸಿ ಹೇಳಬೇಕು. ಚಿತ್ರದ ಒಂದೊಂದು ಭಾಗವನ್ನು ಒಂದೊಂದು ಪಾರದರ್ಶಕ ಹಾಳೆಯಲ್ಲಿ ಬರೆದು ಒಂದರ ಮೇಲೊಂದು ಇಟ್ಟಂತೆ ಇರುವುದೇ ಲೇಯರ್. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಕ್ಲಿಪ್ಪಿಂಗ್ ಮಾಸ್ಕ್ ಎಂದರೆ ಮೇಲಿನ ಲೇಯರ್ ಅದರ ಕೆಳಗಿನ ಒಂದು ಲೇಯರಿನ ಆಕಾರದೊಳಗೆ ಮಾತ್ರ ಕಾಣುತ್ತದೆ. ಕ್ರಿಟಾದಲ್ಲಿ ಈ ಕೆಲಸಕ್ಕೆ ಇರುವುದು ಇನ್‌ಹೆರಿಟ್ ಆಲ್ಫಾ. ಇದು ಕೆಳಗಿರುವ ಒಂದೇ ಲೇಯರನ್ನಲ್ಲ, ಅದು ಇರುವ ಲೇಯರ್ ಗ್ರೂಪಿನಲ್ಲಿ ಕೆಳಗಿರುವ ಎಲ್ಲ ಲೇಯರ್‌ಗಳನ್ನೂ ಸೇರಿಸಿ ನೋಡುತ್ತದೆ. ತಳದಲ್ಲಿ ಬಿಳಿ ಹಿನ್ನೆಲೆ ಇದ್ದರೆ ಮುಗಿಯಿತು, ಬುಗುರಿಯ ನೆರಳು ಹಾಳೆ ತುಂಬ ಹರಿಯುತ್ತದೆ. ಹಾಗಾಗಿ ಬುಗುರಿಯನ್ನೂ ಅದರ ನೆರಳನ್ನೂ ಮೊದಲು ಒಂದು ಗ್ರೂಪಿಗೆ ಹಾಕಬೇಕು. ಕಂಟ್ರೋಲ್, ಶಿಫ್ಟ್, 'ಜಿ' ಒಟ್ಟಿಗೆ ಒತ್ತಿದರೆ ಅದೇ ಮಾಡಿಕೊಡುತ್ತದೆ. ಅರ್ಥವಾದ ಮೇಲೆ ಇದೇ ಹೆಚ್ಚು ಅನುಕೂಲ ಅನಿಸುತ್ತದೆ. ಆದರೆ ಮೊದಲ ವಾರದಲ್ಲಿ ಹೇಳಬಾರದು. ನಾನು ಈಗ ಆರನೇ ಪಾಠಕ್ಕೆ ದೂಡಿದ್ದೇನೆ. ಅಂದಹಾಗೆ ಲೇಯರ್‌ಗೆ ಪದರ ಎಂದು ಹೇಳಿ ನೋಡಿದೆ, ನಡೆಯಲಿಲ್ಲ. ಪರದೆಯಲ್ಲಿ ಲೇಯರ್ ಎಂದು ಬರೆದಿರುವಾಗ ಪದರ ಎಂದರೆ ಹುಡುಗರು ಹುಡುಕುತ್ತಾ ಕೂರುತ್ತಾರೆ. ಬಟರ್ ಪೇಪರ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಎಂದರೆ ಸಾಕು, ತಿಳಿಯುತ್ತದೆ.

ಈಗ ತೊಡಕುಗಳು. ಫೋನಿನವರಿಗೆ ಇದು ಆಗಿಬರುವುದಿಲ್ಲ. ಆಂಡ್ರಾಯ್ಡ್‌ಗೆ ಕ್ರಿಟಾ ಇದೆ, ಆದರೆ ದೊಡ್ಡ ಟ್ಯಾಬ್ಲೆಟ್‌ಗಳನ್ನು ನೆನೆದು ಮಾಡಿದ್ದು. ಫೋನಿನ ಪರದೆಯಲ್ಲಿ ಬೆರಳಿಗೆ ಜಾಗವೇ ಸಿಗದು. ಕೋರ್ಸ್ ಕೇಳಿಕೊಂಡು ಬರುವವರಲ್ಲಿ ಫೋನ್ ಮಾತ್ರ ಇರುವವರೇ ಜಾಸ್ತಿ. ಅವರಿಗೆ ಐಬಿಸ್‌ಪೇಂಟ್ ಹಾಕಿಕೊಳ್ಳಿ, ಚೆಂಡು ಬುಗುರಿ ಪಾಠ ಅದರಲ್ಲೂ ಆಗುತ್ತದೆ ಎನ್ನುತ್ತೇನೆ. ಹಳೆಯ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇದ್ದರೆ ಕ್ಯಾನ್ವಾಸ್ ಚಿಕ್ಕದಿಡಿ. ಎ4 ಹಾಳೆ 300 ಡಿಪಿಐನಲ್ಲಿ 2480×3508 ಪಿಕ್ಸೆಲ್ ಆಗುತ್ತದೆ. ಕಲಿಯುವಾಗ ಅದರ ಅರ್ಧ ಅಳತೆ ಧಾರಾಳ ಸಾಕು. ಚಿತ್ರದಲ್ಲಿ ಕನ್ನಡ ಅಕ್ಷರ ಜೋಡಿಸುವ ಕೆಲಸವನ್ನು ನಾನು ಇನ್ನೊಂದು ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಮಾಡಿಕೊಳ್ಳುತ್ತೇನೆ.

ಕಂಪ್ಯೂಟರಿಗೆ ಸಿಕ್ಕಿಸಿ ಪೆನ್ನಿನಲ್ಲಿ ಬರೆಯುವ ಹಲಗೆ, ಅಂದರೆ ಪೆನ್ ಟ್ಯಾಬ್ಲೆಟ್ ಬೇಕೇ ಬೇಕು, ಮೌಸಿನಲ್ಲಿ ಆಗದು. ನಾನು ಕೊಂಡದ್ದು ಪರದೆ ಇಲ್ಲದ, ಆರು ಸಾವಿರದ ಒಳಗಿನದು. ಹೆಸರು ಹೇಳುವುದಿಲ್ಲ. ಒಂದೂವರೆ ವರ್ಷಕ್ಕೆ ಕೇಬಲ್ ಸಿಕ್ಕಿಸುವ ತೂತು ಸಡಿಲವಾಗಿ, ಗೆರೆ ಅರ್ಧಕ್ಕೇ ತುಂಡಾಗತೊಡಗಿತು. ಸರ್ವಿಸ್‌ನವರು ಹೊಸದು ತಗೊಳ್ಳಿ ಎಂದರು. ನಮ್ಮೂರ ಮೊಬೈಲ್ ರಿಪೇರಿ ಹುಡುಗ ಕಾಲು ಗಂಟೆಯಲ್ಲಿ ಬೆಸುಗೆ ಹಾಕಿಕೊಟ್ಟ, ಅದರಲ್ಲೇ ಇನ್ನೂ ನಡೆಯುತ್ತಿದೆ. ಪೆನ್ ಒತ್ತಿದರೂ ಗೆರೆ ದಪ್ಪವಾಗದೇ ಇದ್ದರೆ ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್‌ಗೆ ಹೋಗಿ, ವಿಂಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಇದ್ದರೆ ವಿಂಟ್ಯಾಬ್‌ಗೆ ಬದಲಿಸಿ, ಮುಚ್ಚಿ ಮತ್ತೆ ತೆರೆಯಿರಿ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ.

ರೆಕಾರ್ಡಿಂಗ್‌ಗೆ ಪರದೆಯನ್ನು ವೀಡಿಯೊ ಮಾಡುವ ಓಬಿಎಸ್ ಸ್ಟುಡಿಯೊ ಬಳಸುತ್ತೇನೆ, ಅದೂ ಉಚಿತ. ನಾಲ್ಕನೇ ಪಾಠದ ಕೊನೆಯ ನಿಮಿಷದಲ್ಲಿ ಕರೆಂಟ್ ಹೋಯಿತು. ನನ್ನ ಹಳೆಯ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿಲ್ಲ, ತಪ್ಪು ನನ್ನದೇ. ಫೈಲ್ ಎಂಪಿ4 ಆಗಿತ್ತು. ಸರಿಯಾಗಿ ಮುಚ್ಚದ ಎಂಪಿ4 ತೆರೆಯಲೇ ಇಲ್ಲ, ಒಂದು ಸಂಜೆಯ ಮಾತೆಲ್ಲ ಮಣ್ಣುಪಾಲು. ಆಮೇಲಿಂದ ಎಂಕೆವಿ ಎಂಬ ಇನ್ನೊಂದು ಬಗೆಯ ಫೈಲಿನಲ್ಲೇ ರೆಕಾರ್ಡ್ ಮಾಡುತ್ತೇನೆ. ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಓಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು. ಧ್ವನಿಯ ಬಗ್ಗೆ ಒಂದೇ ಮಾತು: ಫ್ಯಾನ್ ಆರಿಸಿ, ಬೆವರು ಸುರಿದರೆ ಸುರಿಯಲಿ.

ಮೊದಮೊದಲು ನಾನು ತಪ್ಪು ಗೆರೆಗಳನ್ನೆಲ್ಲ ವೀಡಿಯೊದಿಂದ ಕತ್ತರಿಸುತ್ತಿದ್ದೆ. ನೋಡಿದವರಿಗೆ, ಸರ್ ಕೈಯಿಂದ ಒಂದೇ ಏಟಿಗೆ ಬರುತ್ತದೆ, ನಮಗೇಕೆ ಬರುವುದಿಲ್ಲ ಎಂಬ ಕೊರಗು. ಈಗ ಹಾಗೇ ಬಿಡುತ್ತೇನೆ. ಒಂದು ವಕ್ರ ಗೆರೆಗೆ ಐದು ಸಲ, ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಅನ್‌ಡೂ ಒತ್ತಿದ್ದೂ ವೀಡಿಯೊದಲ್ಲಿದೆ. ಕ್ರಿಟಾದೊಳಗೇ ಚಿತ್ರ ಬೆಳೆಯುವುದನ್ನು ಟೈಮ್‌ಲ್ಯಾಪ್ಸ್ ಮಾಡುವ ರೆಕಾರ್ಡರ್ ಇದೆ, 2021ರ ಕೊನೆಗೆ ಬಂದ 5.0 ಆವೃತ್ತಿಯಿಂದ. ನೋಡಲು ಚೆಂದ. ಅದನ್ನು ನೋಡಿ ಯಾರೂ ಏನೂ ಕಲಿಯುವುದಿಲ್ಲ. ಕೋರ್ಸಿನ ಜಾಹೀರಾತಿಗೆ ಮಾತ್ರ ಬಳಸುತ್ತೇನೆ.

ಕೋರ್ಸನ್ನು ಮೊದಲು ಇಟ್ಟದ್ದು ಒಂದು ಕೋರ್ಸ್ ಮಾರುವ ವೆಬ್‌ಸೈಟಿನಲ್ಲಿ. ಕಮಿಷನ್ ಹೋಗಲಿ, ಸರ್ಟಿಫಿಕೇಟಿನಲ್ಲಿ ಕನ್ನಡದ ಹೆಸರುಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಬಂದವು. ದೂರು ಕೊಟ್ಟರೆ ಇಂಗ್ಲಿಷಲ್ಲಿ ಬರೆಯಲು ಹೇಳಿ ಎಂದು ಉತ್ತರ ಬಂತು. ಅಲ್ಲಿಂದ ಎದ್ದು ಬಂದೆ. ಈಗ ಲಿಂಕ್ ಇದ್ದವರಿಗೆ ಮಾತ್ರ ಕಾಣುವ ಯೂಟ್ಯೂಬಿನ ಅನ್‌ಲಿಸ್ಟೆಡ್ ವೀಡಿಯೊ, ವಾಟ್ಸಾಪ್ ಗ್ರೂಪ್, ಯುಪಿಐ, ಇಷ್ಟೇ. ಲಿಂಕ್ ಯಾರೋ ಯಾರಿಗೋ ಕಳಿಸುತ್ತಾರೆ, ಗೊತ್ತು. ಕಳಿಸಲಿ ಬಿಡಿ. ಅವರು ಬರೆದ ಚಿತ್ರವನ್ನು ನಾನು ತಿದ್ದುವುದಕ್ಕೆ ತಾನೇ ಫೀಸು?

ಕೋರ್ಸಿನಲ್ಲಿ ನನಗೆ ಬಹಳ ಇಷ್ಟವಾದ ಪಾಠ ಕಸೂತಿಯದು. ಕ್ರಿಟಾದಲ್ಲಿ ರ‍್ಯಾಪ್ ಅರೌಂಡ್ ಎಂಬುದೊಂದಿದೆ. 'ಡಬ್ಲ್ಯೂ' ಒತ್ತಿದರೆ ಒಂದೇ ಹಾಳೆ ನಾಲ್ಕೂ ದಿಕ್ಕಿಗೆ ಹಾಸಿಕೊಂಡು ಹೋಗುತ್ತದೆ. ಒಂದು ಕಡೆ ಗೋಪುರ ಬರೆದರೆ ಸಾಲುಸಾಲಾಗಿ ಗೋಪುರ ಏಳುತ್ತವೆ, ಸೀರೆಯ ಸೆರಗು ಬಿಚ್ಚಿದ ಹಾಗೆ. ಚೌಕದ ಗ್ರಿಡ್ ಹಾಕಿಕೊಂಡು, ಚೌಕದಿಂದ ಚೌಕಕ್ಕೆ ಗೆರೆ ಎಳೆಯುತ್ತಾ ಹೋಗುವುದು. ಮೊದಲ ಸಲ ಮಾಡಿ ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದು ಗಳಿಗೆ ನೋಡಿದಳು.

"ಎಳಿ ಎಣಿಸಿ ಹಾಕೀಯೇನೋ? ಇಲ್ಲಿ ತಪ್ಪೈತಿ ನೋಡು."

ಬೆರಳಿಟ್ಟ ಜಾಗ ಹಾಳೆಯ ಅಂಚು ಇನ್ನೊಂದು ಅಂಚನ್ನು ಸೇರುವಲ್ಲಿ. ಗೋಪುರದ ಬುಡ ಕೂದಲೆಳೆಯಷ್ಟು ಜಾರಿತ್ತು. ಕ್ಯಾನ್ವಾಸ್ 1000 ಪಿಕ್ಸೆಲ್ ಇಟ್ಟಿದ್ದೆ, ಚೌಕ 32ರದು. 31 ಚೌಕ ಹೋಗಿ 8 ಪಿಕ್ಸೆಲ್ ಉಳಿದಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಿದವಳಿಗೆ ಥಟ್ಟನೆ ಸಿಕ್ಕಿತು.

ಈಗ ಆ ಪಾಠ ಶುರುವಾಗುವುದೇ ಲೆಕ್ಕದಿಂದ: ಕ್ಯಾನ್ವಾಸ್ 640, ಚೌಕ 32, ಅಲ್ಲಿಗೆ 20 ಮನೆ. ಅವ್ವ ಒಪ್ಪಿದ್ದಾಳೆ. ಆದರೆ ಕಸೂತಿಯ ಗವಂತಿ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಅದಕ್ಕೇ ಇವತ್ತಿಗೂ ಪರದೆಯ ಹಿಂದೆ ಬಗ್ಗಿ ನೋಡಿ, "ಇದರ ಹಿಂಬದಿ ಎಲ್ಲೈತಿ?" ಎಂದು ಕೇಳುತ್ತಾಳೆ.